ರಂಗೂನಿನ ಶಾಲೆಗೆ ಮತ್ತೆ ಕರೆ ಬಂದಾಗ

ಯುದ್ಧ ಮುಗಿದ ಮರುವರ್ಷ, ರಾಗಿ ಕುಯ್ಲಾಗಿ ಕಣದ ಕೆಲಸ ನಡೆಯುತ್ತಿದ್ದ ದಿನಗಳಲ್ಲಿ, ರಂಗೂನಿನ ನಮ್ಮ ಹಳೇ ಶಾಲೆಯ ಕಮಿಟಿಯವರೊಬ್ಬರು ಹೊಸಕೋಟೆಯ ನಮ್ಮ ಮನೆ ಹುಡುಕಿಕೊಂಡು ಬಂದರು. ತೇಗದ ಮರದ ವ್ಯಾಪಾರಿ, ಮಾತೃಭಾಷೆ ತಮಿಳು. ಬೆಂಗಳೂರಿನಿಂದ ಇದ್ದಿಲು ಉರಿಸಿ ಓಡುವ ಬಸ್ಸಿನಲ್ಲಿ ಬಂದಿದ್ದರಿಂದ ಅವರ ಬಿಳಿ ಪಂಚೆಯೆಲ್ಲ ಮಸಿಯಾಗಿತ್ತು. ಬೆಲ್ಲದ ಕಾಫಿ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು ನಮ್ಮ ಯಜಮಾನರಿಗೆ ಹೇಳಿದರು:

“ಸ್ಕೂಲು ಮತ್ತೆ ತೆಗೀತಾ ಇದ್ದೀವಿ. ಛಾವಣಿ ಹೋಗಿದೆ, ಗೋಡೆ ನಿಂತಿದೆ. ನೀವೂ ಬರಬೇಕು, ನಿಮ್ಮ ದೊಡ್ಡಬಳ್ಳಾಪುರದ ಸ್ನೇಹಿತರೂ ಬರಬೇಕು. ಈ ಅಮ್ಮನೂ ಬಂದು ಮೊದಲಿನ ಹಾಗೆ ಚಿಕ್ಕ ಮಕ್ಕಳ ಕ್ಲಾಸು ನೋಡಿಕೊಳ್ಳಲಿ.”

ನಮ್ಮ ಯಜಮಾನರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ವ್ಯಾಪಾರಿಯನ್ನು ಮದರಾಸು ರಸ್ತೆಯ ತನಕ ಕಳಿಸಿಕೊಟ್ಟು ಬಂದು, ಕೈಕಾಲು ತೊಳೆದುಕೊಂಡು ಗೋಡೆಗೆ ಒರಗಿ ಕೂತರು. ನಾನೂ ಕೇಳಲಿಲ್ಲ. ಆದರೆ ಒಳಗೆ ಹೋಗಿ ಮುದ್ದೆಗೆ ಎಸರಿಡುವಾಗ ಆ ಕ್ಲಾಸಿನ ಮಕ್ಕಳ ಹೆಸರು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದೆ. ಹೋಗಬೇಕು ಅಂತ ನನಗೆ ಎಷ್ಟು ಆಸೆಯಿದೆ ಅನ್ನುವುದು ಆಗಲೇ ನನಗೆ ಗೊತ್ತಾದದ್ದು.

ಯಜಮಾನರು ನಂದಗುಡಿ ಕಡೆಯ ಒಕ್ಕಲು ಮನೆತನದವರು. ಆ ಮನೆಯಲ್ಲಿ ಬಿ.ಎ. ಓದಿದವರು ಅವರೇ ಮೊದಲು. ನಾನು ಇಲ್ಲೇ ಹತ್ತಿರದ ವಿಜಯಪುರದವಳು, ನಮ್ಮಪ್ಪನಿಗೆ ರೇಷ್ಮೆ ನೂಲು ತೆಗೆಯುವ ಕಸುಬು. ಮದುವೆಯಾದ ಮೇಲೆ ರಂಗೂನಿಗೆ ಹೋದೆವು. ಆ ಶಾಲೆಯಲ್ಲಿ ತಮಿಳರು, ತೆಲುಗರು, ಗುಜರಾತಿಗಳು, ಚೀಣರು, ಬರ್ಮಾದವರು, ಎಲ್ಲರ ಮಕ್ಕಳೂ ಓದುತ್ತಿದ್ದರು. ಒಂದು ಮಗು ಅತ್ತರೆ ಯಾಕೆ ಅಂತ ಕೇಳುವುದಕ್ಕೆ ಮೂರು ಭಾಷೆ ಬೇಕಾಗುತ್ತಿತ್ತು. ಲೋವರ್ ಸೆಕೆಂಡರಿ ಪಾಸು ಮಾಡಿದ್ದ ನನಗೆ ಅಲ್ಲಿ ಚಿಕ್ಕ ಮಕ್ಕಳ ಕ್ಲಾಸು ಕೊಟ್ಟರು. ಬೆಳಿಗ್ಗೆ ಸೀರೆ ಉಟ್ಟುಕೊಂಡು, ಗಂಡನ ಪಕ್ಕದಲ್ಲೇ ನಡೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಊರಿನಲ್ಲಿ ಅಂಥದ್ದನ್ನು ನಾನು ಕಂಡಿರಲಿಲ್ಲ.

ದೊಡ್ಡಬಳ್ಳಾಪುರದ ಮೇಷ್ಟ್ರು ಅಲ್ಲಿ ವಿಜ್ಞಾನ ಹೇಳುತ್ತಿದ್ದರು. ನೇಯ್ಗೆಯವರ ಮನೆಯ ಹುಡುಗ, ಯಜಮಾನರಿಗಿಂತ ಸ್ವಲ್ಪ ಚಿಕ್ಕವರು. ಇವರನ್ನು ಅಣ್ಣ ಅನ್ನುತ್ತಿದ್ದರು, ನನ್ನನ್ನು ಅತ್ತಿಗೆ. ಅವರ ಹೆಂಡತಿಯೂ ನಾನೂ ಒಂದೇ ಮಹಡಿಯಲ್ಲಿ ಎದುರುಬದುರು ಮನೆಯವರು. ಆಕೆ ಬರ್ಮಾದ ಮಾತನ್ನು ನಮ್ಮೆಲ್ಲರಿಗಿಂತ ಬೇಗ ಕಲಿತಳು. ಸಂತೆಗೆ ಹೋದರೆ ಮೀನು ಮಾರುವ ಹೆಂಗಸರು ಆಕೆಯನ್ನು ಕೂರಿಸಿಕೊಂಡು ಹರಟೆ ಹೊಡೆಯುತ್ತಿದ್ದರು. ಮೀನು ಮುಟ್ಟದವಳ ಜೊತೆ ಅವರಿಗೇನು ಮಾತು ಅಂತ ನಾನು ನಗುತ್ತಿದ್ದೆ.

ರಂಗೂನಿನ ಮೇಲೆ ಜಪಾನಿನವರ ಬಾಂಬು ಬಿದ್ದಾಗ ಬಿಳಿಯ ಮೇಷ್ಟ್ರುಗಳಿಗೆ ಹಡಗಿನಲ್ಲಿ ಜಾಗ ಸಿಕ್ಕಿತು. ನಮಗೆ ಸಿಗಲಿಲ್ಲ. ಪ್ರೋಮ್ ಊರಿನ ತನಕ ರೈಲಿನಲ್ಲಿ ಹೋಗಿ, ಅಲ್ಲಿಂದ ಸಾವಿರಾರು ಜನರ ಜೊತೆ ಬೆಟ್ಟ ಹತ್ತಿಳಿದು ಸಮುದ್ರದ ಕಡೆಗೆ ನಡೆದೆವು. ದಾರಿಯಲ್ಲಿ ವಾಂತಿಭೇದಿ ಹರಡಿತು. ದೊಡ್ಡಬಳ್ಳಾಪುರದ ಮೇಷ್ಟ್ರ ಹೆಂಡತಿಗೆ ಬೆಳಿಗ್ಗೆ ಶುರುವಾದದ್ದು, ಸಂಜೆಗೆ ಮುಗಿದುಹೋಯಿತು. ಬಿದಿರು ಮೆಳೆಯ ಪಕ್ಕದಲ್ಲಿ ಮಲಗಿಸಿದ್ದೆವು. ನನ್ನ ಒಂದು ಸೀರೆಯಲ್ಲಿ ಸುತ್ತಿದೆ. ಗುಂಡಿ ತೋಡಲು ಹಾರೆ ಗುದ್ದಲಿ ಏನೂ ಇರಲಿಲ್ಲ. ಇಬ್ಬರು ಗಂಡಸರೂ ಕೋಲಿನಲ್ಲಿ, ಕೈಯಲ್ಲಿ ಮಣ್ಣು ತೆಗೆದರು. ಹತ್ತಿರದ ಹಳ್ಳಿಯಿಂದ ಬರ್ಮಾದ ಮುದುಕಿಯೊಬ್ಬಳು ಬಂದು ನಿಂತು ನೋಡಿ, ಹೋಗಿ, ಎಲೆಯಲ್ಲಿ ಅನ್ನ ತಂದುಕೊಟ್ಟಳು. ಆ ಅನ್ನವನ್ನು ದೊಡ್ಡಬಳ್ಳಾಪುರದ ಮೇಷ್ಟ್ರೂ ಉಂಡರು. ಉಣ್ಣದಿದ್ದರೆ ಮುಂದೆ ನಡೆಯುವ ಹಾಗಿರಲಿಲ್ಲ.

ಊರಿಗೆ ಬಂದ ಮೇಲೆ ಯಜಮಾನರಿಗೆ ಹೊಸಕೋಟೆಯ ಮಿಡ್ಲ್ ಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ದೊಡ್ಡಬಳ್ಳಾಪುರದ ಮೇಷ್ಟ್ರು ತಮ್ಮ ಅಣ್ಣನ ಮನೆ ಸೇರಿ, ಅಲ್ಲೇ ಒಂದು ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ರಜೆ ಸಿಕ್ಕಾಗ ನಮ್ಮಲ್ಲಿಗೆ ಬರುವರು. ಸತ್ತವಳ ಮಾತು ಎತ್ತುತ್ತಿರಲಿಲ್ಲ. ನಾವೂ ಎತ್ತುತ್ತಿರಲಿಲ್ಲ.

ಮರದ ವ್ಯಾಪಾರಿ ಬಂದುಹೋದ ಮೇಲೆ ಒಂದು ಭಾನುವಾರ ದೊಡ್ಡಬಳ್ಳಾಪುರದ ಮೇಷ್ಟ್ರು ಬಂದರು. ಚಪ್ಪಲಿ ಬಿಡುತ್ತಲೇ, “ನಾನು ಹೋಗ್ತೀನಿ ಅಂತ ಒಪ್ಕೊಂಡ್ಬಿಟ್ಟೆ ಅಣ್ಣ. ನೀನು ಯಾವಾಗ ಹೊರಡ್ತೀಯ?” ಅಂದರು.

“ನಾನು ಬರಲ್ಲ ಕಣಯ್ಯ” ಅಂದರು ಯಜಮಾನರು.

“ಯಾಕೆ?”

“ಅಲ್ಲಿ ಸ್ಟಾಫ್ ರೂಮಿನಲ್ಲಿ ಎರಡು ಮೇಜು ಇತ್ತಲ್ಲ, ನೆನಪಿದೆಯಾ? ಒಂದು ಬಿಳಿಯರದು, ಒಂದು ನಮ್ಮದು. ಅವರು ನಮ್ಮನ್ನ ಕೀಳಾಗಿ ಕಾಣ್ತಾರೆ ಅಂತ ದಿನಾ ಬೈಕೊಳ್ತಿದ್ವಿ. ಆ ಬರ್ಮಾದ ಮೇಷ್ಟ್ರು ಎಲ್ಲಿ ಕೂತ್ಕೊಳ್ತಿದ್ರು ಹೇಳು?”

ದೊಡ್ಡಬಳ್ಳಾಪುರದ ಮೇಷ್ಟ್ರು ನೆನಪು ಮಾಡಿಕೊಂಡು, “ಕಿಟಕಿ ಹತ್ರ” ಅಂದರು.

“ಕಿಟಕಿ ಕಟ್ಟೆ ಮೇಲೆ. ನನ್ನಷ್ಟೇ ಓದಿದ್ದ ಮನುಷ್ಯ. ಅವರದೇ ದೇಶ. ಅವರಿಗೆ ಭಾಷೆ ಪಾಠ ಒಂದು ಬಿಟ್ಟು ಬೇರೇನೂ ಕೊಡ್ಲಿಲ್ಲ. ನಾವು ಒಂದು ದಿನಾನಾದ್ರೂ ಬನ್ನಿ, ಇಲ್ಲಿ ಕೂತ್ಕೊಳ್ಳಿ ಅಂದ್ವಾ? ಅವರು ಕೂರಬೇಕಾದ ಕಡೆ ನಾನು ಕೂತಿದ್ದೆ. ಮತ್ತೆ ಹೋಗಿ ಅಲ್ಲೇ ಕೂರೋಕೆ ನನ್ನ ಕೈಲಾಗಲ್ಲ.”

“ಅದಕ್ಕೆ ನಾವೇನು ಮಾಡೋಕಾಗ್ತಿತ್ತು? ಕಮಿಟಿಯವರು ಮಾಡಿದ್ದು ಅದು. ನಾವು ಹೋಗಿ ಪಾಠ ಹೇಳಿದ್ವಿ. ಆ ಮಕ್ಕಳು ಕಲಿತ್ರು. ಅದು ಸುಳ್ಳಾ?”

“ಸುಳ್ಳಲ್ಲ.”

“ಇಲ್ಲಿ ನನಗೆ ಏನಿದೆ ಹೇಳು. ಇನ್ಸ್‌ಪೆಕ್ಟರು ಬರ್ತಾರೆ ಅಂದ್ರೆ ಗೋಡೆಗೆ ಸುಣ್ಣ ಹೊಡೆಸೋ ಕೆಲಸ. ಅಲ್ಲಿ ನಾನು ಮೇಷ್ಟ್ರಾಗಿದ್ದೆ.”

“ಅಲ್ಲಿಯವರಿಗೆ ನಾವು ಬೇಡ ಕಣಯ್ಯ. ಇವತ್ತಲ್ಲ ನಾಳೆ ಅವರಿಗೂ ಸ್ವಾತಂತ್ರ್ಯ ಬರುತ್ತೆ. ಆಗ ಹೊರಡಿ ಅಂತಾರೆ. ಇನ್ನೊಂದು ಸಲ ನಡ್ಕೊಂಡು ಬರ್ತೀಯಾ?”

ಅದನ್ನು ಆಡಬಾರದಿತ್ತು. ದೊಡ್ಡಬಳ್ಳಾಪುರದ ಮೇಷ್ಟ್ರ ಮುಖ ಬಿಗಿದುಕೊಂಡಿತು.

“ನಿನಗೆ ಭಯ ಅಣ್ಣ. ಅದಕ್ಕೆ ನ್ಯಾಯದ ಬಣ್ಣ ಹಚ್ತಾ ಇದ್ದೀಯ.”

“ಭಯಾನೂ ಇದೆ” ಅಂದರು ಯಜಮಾನರು.

ಅಷ್ಟಕ್ಕೆ ಬಂದವರು ಎದ್ದುಬಿಟ್ಟರು. ತಟ್ಟೆ ಹಾಕಿದ್ದೆ, ಊಟಕ್ಕೆ ನಿಲ್ಲಲಿಲ್ಲ. ಅಲ್ಲಿಂದಾಚೆ ರಜೆ ಬಂದರೂ ಆ ಕಡೆಯಿಂದ ಸುದ್ದಿಯಿಲ್ಲ.

ಇಬ್ಬರಲ್ಲಿ ಯಾರೂ ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಸಂಕ್ರಾಂತಿಗೆ ನಂದಗುಡಿಯ ಮನೆಗೆ ಹೋದಾಗ ನಮ್ಮತ್ತೆ, “ಮತ್ತೆ ಆ ದೇಶಕ್ಕೆ ಹೋಗೋ ಮಾತು ಬೇಡ, ನನ್ನ ಸೊಸೆ ಕೂಲಿಗೆ ಹೋಗೋ ಹಂಗೆ ಸ್ಕೂಲಿಗೆ ಹೋಗಬೇಕಾಗಿಲ್ಲ” ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಹೊಸಕೋಟೆಗೆ ಹಿಂದಿರುಗಿದ ದಿನ ಯಜಮಾನರಿಗೆ ಹೇಳಿದೆ:

“ನನಗೂ ಹೋಗಬೇಕು ಅನ್ಸುತ್ತೆ ರೀ.”

ಅವರು ಅಂಗಿ ಕಳಚುತ್ತಿದ್ದವರು ಹಾಗೇ ನಿಂತರು. “ನಿನಗಾ? ಅವಳನ್ನ ಸೀರೆಯಲ್ಲಿ ಸುತ್ತಿದ್ದು ನೀನು.”

“ಹೂಂ, ನಾನೇ. ಆದರೂ ಅನ್ಸುತ್ತೆ. ಅಲ್ಲಿ ನನಗೆ ಒಂದು ಕ್ಲಾಸಿತ್ತು. ನಿಮ್ಮ ಮಾತು ಸರಿ ಇರಬಹುದು. ನೀವು ಬಿಟ್ಟು ಬಂದ ಕ್ಲಾಸಿಗೆ ಬದಲು ನಿಮಗೆ ಇಲ್ಲಿ ಇನ್ನೊಂದು ಸಿಕ್ತು. ನನಗೆ ಸಿಗಲಿಲ್ಲ.”

ಅವರು ಅಂಗಿ ಕಳಚಿ ಗೂಟಕ್ಕೆ ಹಾಕಿದರು. ಆಮೇಲೆ, “ಇದನ್ನ ಮೊದಲೇ ಹೇಳಬೇಕಿತ್ತು ನೀನು” ಅಂದರು. ಕೋಪದಲ್ಲಿ ಅಂದದ್ದಲ್ಲ. “ಆದರೆ ನಾನು ಬರಲ್ಲ. ನನ್ನ ಮನಸ್ಸು ಬದಲಾಗಲ್ಲ.”

ಅವರ ಮನಸ್ಸು ಬದಲಾಗಲಿಲ್ಲ. ಆದರೆ ದೊಡ್ಡಬಳ್ಳಾಪುರದ ಮೇಷ್ಟ್ರು ರಂಗೂನಿಗೆ ಹೊರಡುವುದಕ್ಕೆ ಮುಂಚೆ ಅವರನ್ನು ನೋಡಿಬರೋಣ ಅಂತ ಅವರೇ ನನ್ನನ್ನು ಹೊರಡಿಸಿದರು. ಆ ಮನೆಗೆ ನಾನು ಹೋದದ್ದು ಅದೇ ಮೊದಲು. ಮನೆಯ ತುಂಬ ಮಗ್ಗದ ಸದ್ದು. ಪಕ್ಕದಲ್ಲಿ ಕೂತವರಿಗೂ ಗಟ್ಟಿಯಾಗಿ ಹೇಳಬೇಕು. ಗಂಡಸರಿಬ್ಬರೂ ಜಗಲಿಯ ಎರಡು ತುದಿಯಲ್ಲಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಯಜಮಾನರು ಮೇಷ್ಟ್ರ ಅಣ್ಣನ ಜೊತೆ ಮಗ್ಗ ನೋಡಲು ಒಳಗೆ ಹೋದರು. ಆಗ ನಾನು ಕೇಳಿದೆ:

“ಅಷ್ಟೆಲ್ಲ ಆದಮೇಲೂ ಅಲ್ಲಿರೋಕೆ ನಿಮಗೆ ಹೇಗೆ ಮನಸ್ಸು ಬರುತ್ತೆ?”

ಅವರು ಅಂಗಳದ ಕಡೆ ನೋಡುತ್ತಾ ಹೇಳಿದರು: “ಮದುವೆಯಾದ ತಿಂಗಳೊಳಗೆ ಅವಳನ್ನ ಕರ್ಕೊಂಡು ಹೊರಟುಬಿಟ್ಟೆ ಅತ್ತಿಗೆ. ಈ ಮನೇಲಿ ಅವಳ ಮುಖ ಯಾರಿಗೂ ಸರಿಯಾಗಿ ನೆನಪಿಲ್ಲ. ಈ ಮನೆ ಅತ್ತಿಗೆ ಕೇಳ್ತಾರೆ, ಅವಳು ಕಪ್ಪಗಿದ್ಳಾ ಬೆಳ್ಳಗಿದ್ಳಾ ಅಂತ. ಬೇರೆ ಮದುವೆ ಮಾಡ್ಕೋ ಅಂತಾರೆ, ಮೊದಲನೇದು ಆಗೇ ಇಲ್ಲ ಅನ್ನೋ ಹಂಗೆ. ರಂಗೂನಲ್ಲಿ ಯಾರನ್ನ ಕೇಳಿದ್ರೂ ಅವಳು ಗೊತ್ತು. ಸಂತೆ ಹೆಂಗಸರಿಗೆ ಗೊತ್ತು. ಪಕ್ಕದ ಬೀದಿಯವರಿಗೆ ಗೊತ್ತು. ಅವಳು ಎಲ್ಲಿ ಅಂತ ಕೇಳೋರು ಅಲ್ಲಿ ಒಬ್ಬರಾದ್ರೂ ಇರ್ತಾರೆ.”

ಅವಳು ಮೀನಿನ ಅಂಗಡಿಯ ಮುಂದೆ ಕೂತು ಹರಟುತ್ತಿದ್ದ ಸಂಗತಿ ಎತ್ತಿದೆ. ಅವರು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ನಾವು ಊರಿಗೆ ಬಂದ ಮೇಲೆ ಅವರ ಜೊತೆ ಅವಳ ವಿಷಯ ಆಡಿದ್ದು ಅದೇ ಮೊದಲು. ಯಜಮಾನರು ಬಾಗಿಲಲ್ಲಿ ಬಂದು ನಿಂತಿದ್ದರು. ಎಷ್ಟು ಕೇಳಿಸಿತೋ ಗೊತ್ತಿಲ್ಲ. ಬಂದು ಮೇಷ್ಟ್ರ ಪಕ್ಕದಲ್ಲಿ ಕೂತುಕೊಂಡರು.

“ನಾನು ಹೇಳಿದ್ದು ತಪ್ಪು ಅಂತ ಈಗಲೂ ಅನ್ನಲ್ಲ” ಅಂದರು. “ಆದರೆ ನಡ್ಕೊಂಡು ಬರ್ತೀಯಾ ಅಂತ ಕೇಳಬಾರದಾಗಿತ್ತು.”

“ಬಿಡಣ್ಣ” ಅಂದರು ಅವರು.

ಬೆಂಗಳೂರಿನ ದಂಡಿನ ಸ್ಟೇಷನ್ನಿಗೆ ನಾವಿಬ್ಬರೂ ಹೋಗಿ ಅವರನ್ನು ಮದರಾಸಿನ ರೈಲು ಹತ್ತಿಸಿದೆವು. ಗಾಡಿ ಹೊರಡುವ ಮುಂಚೆ ಯಜಮಾನರು ಕಿಟಕಿಯ ಹತ್ತಿರ ಹೋಗಿ, “ಆ ಬರ್ಮಾದ ಮೇಷ್ಟ್ರು ಬದುಕಿದ್ದರೆ, ನಾನು ಕೇಳಿದೆ ಅಂತ ಹೇಳು” ಅಂದರು. ಅವರು ಆಗಲಿ ಅಂತ ತಲೆಯಾಡಿಸಿದರು.

ಆ ಬೇಸಿಗೆಯಲ್ಲಿ ಯಜಮಾನರು ನನಗೆ ತಿಳಿಸದೆ ಒಂದು ಕೆಲಸ ಮಾಡಿದರು. ವಿಜಯಪುರದ ಹೆಣ್ಣುಮಕ್ಕಳ ಸ್ಕೂಲಿಗೆ ಉಪಾಧ್ಯಾಯಿನಿ ಬೇಕಾಗಿದ್ದಾರೆಂದು ತಿಳಿದು, ಇನ್ಸ್‌ಪೆಕ್ಟರನ್ನು ಕಂಡು ನನ್ನ ವಿಷಯ ಹೇಳಿ, ತಮಗೂ ಅಲ್ಲಿಗೇ ವರ್ಗ ಮಾಡಿಸಿಕೊಂಡರು. ಅತ್ತೆಗೆ ತಾವೇ ಹೋಗಿ ಹೇಳಿ ಬಂದರು. ಅಲ್ಲಿ ಏನು ಮಾತಾಯಿತೋ, ನನಗೆ ಹೇಳಲಿಲ್ಲ. ಜೂನ್ ತಿಂಗಳಲ್ಲಿ ನಾನು ಮತ್ತೆ ಮಕ್ಕಳ ಮುಂದೆ ನಿಂತೆ. ರೇಷ್ಮೆಗೂಡು ಬೇಯಿಸುವ ವಾಸನೆ ಕ್ಲಾಸಿನ ಒಳಗೇ ಬರುತ್ತಿತ್ತು. ಎಲ್ಲರೂ ಆಡುವುದು ಕನ್ನಡ, ತೆಲುಗು, ಒಂದಿಬ್ಬರು ಉರ್ದು. ರಂಗೂನಿನ ಕ್ಲಾಸಿನ ಹಾಗೆ ಇರಲಿಲ್ಲ. ನನಗೆ ಅದರ ಆಸೆ ಪೂರ್ತಿ ಹೋಗಲೂ ಇಲ್ಲ.

ನಮಗೂ ಸ್ವಾತಂತ್ರ್ಯ ಬಂತು, ಬರ್ಮಾಕ್ಕೂ ಬಂತು. ಅದಾಗಿ ಒಂದು ವರ್ಷದ ಮೇಲೆ ಮರದ ವ್ಯಾಪಾರಿ ಮತ್ತೆ ಈ ಕಡೆ ಬಂದಾಗ ವಿಜಯಪುರಕ್ಕೂ ಬಂದರು. ಅವರು ವ್ಯಾಪಾರ ಮುಚ್ಚಿ ಊರು ಸೇರುತ್ತಿದ್ದರು. ಅಲ್ಲಿ ಒಳಜಗಳ ಎದ್ದಿದೆ, ರಂಗೂನಿನ ಹೊರಗೆ ಗುಂಡಿನ ಸದ್ದು ಕೇಳುತ್ತದೆ, ನಮ್ಮವರು ದಿನವೂ ಹಡಗು ಹತ್ತುತ್ತಿದ್ದಾರೆ ಅಂದರು. ಶಾಲೆಗೆ ಈಗ ಆ ಬರ್ಮಾದ ಮೇಷ್ಟ್ರೇ ಹೆಡ್ಮಾಸ್ತರು.

“ನಮ್ಮವನು?” ಅಂತ ಯಜಮಾನರು ಕೇಳಿದರು.

“ಅವರ ಕೈ ಕೆಳಗೇ ಇದ್ದಾರೆ. ಪಾಠವೆಲ್ಲ ಬರ್ಮಾದ ಭಾಷೆಯಲ್ಲೇ ಆಗಬೇಕು ಅಂತ ಹುಕುಂ ಆಯ್ತು. ನಿಮ್ಮ ಸ್ನೇಹಿತರು ಈ ವಯಸ್ಸಿನಲ್ಲಿ ಮಕ್ಕಳ ಜೊತೆ ಕೂತು ಅಕ್ಷರ ಕಲಿತರು. ಹೊರಡಿ, ನನ್ನ ಜೊತೆ ಬಂದ್ಬಿಡಿ ಅಂದೆ. ಬರಲ್ಲ ಅಂದ್ರು.”

ವ್ಯಾಪಾರಿ ಹೋದ ಮೇಲೆ ಯಜಮಾನರು, “ಕೊನೆಗೆ ಅಲ್ಲಿಯವರು ಅವನಿಗೂ ಹೊರಡಿ ಅಂತಾರೆ, ನೋಡ್ತಾ ಇರು” ಅಂದರು.

“ಅನ್ನಲಿ. ಅಷ್ಟು ದಿನ ಪಾಠ ಹೇಳಿರ್ತಾರಲ್ಲ” ಅಂದೆ ನಾನು.

ಆ ವಿಷಯದಲ್ಲಿ ನಾವಿಬ್ಬರೂ ಒಂದು ಮಾತಿಗೆ ಬರಲೇ ಇಲ್ಲ. ಹೊತ್ತಾಗಿತ್ತು, ಇಬ್ಬರೂ ಅವರವರ ಸ್ಕೂಲಿಗೆ ಹೊರಟೆವು.