ಆರು ಮೊಳೆಗಳ ದರ್ಜಿ

ಈ ದರ್ಜಿ ಸೂಜಿಗೆ ದಾರ ಪೋಣಿಸುವವರೆಗೆ ಬೀದಿಯಲ್ಲಿ ಸೂರ್ಯ ಹುಟ್ಟುವುದಿಲ್ಲ. ಹೋದ ತಿಂಗಳು ಒಂದು ದಿನ ದಾರ ಎರಡು ಸಲ ಸೂಜಿಗಣ್ಣು ತಪ್ಪಿತು. ಅಂದು ಬೆಳಗಾದದ್ದು ಇಪ್ಪತ್ತು ನಿಮಿಷ ತಡವಾಗಿ. ಕೋಳಿಗಳು ಕೂಗಿ ಕೂಗಿ ಗಂಟಲು ಕೆಡಿಸಿಕೊಂಡವು.

ಇವತ್ತು ದಾರ ಒಂದೇ ಸಲಕ್ಕೆ ಒಳಗೆ ಹೋಗಿದೆ, ಬೆಳಕೂ ಬಂದಿದೆ. ಮನೆಯ ಮುಂದಿನ ಪುಟ್ಟ ಕೋಣೆ. ಒಂದು ಹೊಲಿಗೆ ಯಂತ್ರ, ಕಿಟಕಿಯ ಪಕ್ಕ ಸ್ಟೂಲು, ಗೋಡೆಯಲ್ಲಿ ಸಾಲಾಗಿ ಆರು ಮೊಳೆ. ಒಂದು ಮೊಳೆಗೆ ಒಂದು ಬಟ್ಟೆ. ಆರೂ ತುಂಬಿದರೆ ಮುಗಿಯಿತು. ಏಳನೆಯದನ್ನು ಹಿಡಿದು ಮಹಾರಾಜನೇ ಬಂದರೂ ನಾಳೆ ಬರಬೇಕು. ಹೊಸ ಬಟ್ಟೆ ಹೊಲಿಯುವುದಿಲ್ಲ. ಹರಿದದ್ದು, ಸಡಿಲಾದದ್ದು, ಗುಂಡಿ ಕಿತ್ತದ್ದು ಮಾತ್ರ.

ಸ್ಟೂಲಿನ ಮೇಲೆ ಕೂತು ನೋಡುತ್ತಿರುವವನು ದರ್ಜಿಯ ಅಣ್ಣ. ಅವನಿಗೆ ಕಚೇರಿಯ ಕೆಲಸ, ಎರಡು ಫೋನು, ಮೂರು ಬಗೆಯ ಮಾತ್ರೆ, ಇನ್ನೂ ಪ್ಲಾಸ್ಟಿಕ್ ಬಿಚ್ಚದ ಒಂದು ಆರಾಮ ಕುರ್ಚಿ. ತಮ್ಮ ಸಾವಕಾಶವಾಗಿ ಯಂತ್ರಕ್ಕೆ ಎಣ್ಣೆ ಬಿಡುವುದನ್ನು ಕಂಡರೆ ಅಣ್ಣನ ಹೊಟ್ಟೆಯಲ್ಲಿ ಏಳುವ ಕಿಚ್ಚಿಗೆ ಇಡೀ ಬೀದಿಯ ಬಟ್ಟೆಗೆ ಇಸ್ತ್ರಿ ಹಾಕಬಹುದು.

“ಮಧ್ಯಾಹ್ನದ ಮೇಲೆ ಏನ್ ಮಾಡ್ತೀಯ?”

“ಏನೂ ಇಲ್ಲ.”

“ಏನೂ ಇಲ್ಲ ಅಂದ್ರೆ?”

“ಏನೂ ಇಲ್ಲ ಅಂದ್ರೆ ಏನೂ ಇಲ್ಲ, ಅಣ್ಣ. ಅದನ್ನ ಕಲಿಯೋಕೇ ಒಂದು ವರ್ಷ ಹಿಡೀತು.”

ಆರು ವರ್ಷದ ಹಿಂದೆ ಇವನಿಗೆ ಮುಖ್ಯರಸ್ತೆಯಲ್ಲಿ ಅಂಗಡಿಯಿತ್ತು. ಹನ್ನೆರಡು ಯಂತ್ರ, ದಿನಕ್ಕೆ ನಾನೂರು ಅಂಗಿ. ಊರಿನ ಅರ್ಧ ಜನರ ಎದೆ, ಸೊಂಟ, ತೋಳು ಬಾಯಿಪಾಠ. ಆಗ ಮಗಳ ಹುಟ್ಟುಹಬ್ಬಕ್ಕೆ ಒಂದು ಫ್ರಾಕು ಹೊಲಿದ. ತಲೆ ತೂರಿತು, ಭುಜದಲ್ಲಿ ಸಿಕ್ಕಿಕೊಂಡಿತು.

“ಮಗು ಅಳಲಿಲ್ಲ. ‘ಅಪ್ಪಾ, ಇದು ನನ್ನ ಹಳೇ ಅಳತೆ’ ಅಂದ್ಳು. ಎರಡು ವರ್ಷದ ಹಿಂದಿಂದು. ಊರವರನ್ನೆಲ್ಲ ಅಳೀತಿದ್ದೆ, ಮನೇಲಿ ಬೆಳೀತಿರೋಳನ್ನ ನೋಡೇ ಇರ್ಲಿಲ್ಲ.”

ತಿಂಗಳೊಳಗೆ ಅಂಗಡಿ ಬಿಟ್ಟ. ಸ್ಕೂಟರ್ ಹೋಯಿತು, ಹೋಟೆಲಿನ ಊಟ ನಿಂತಿತು, ಕೈಲಾಗದವನು ಎಂದು ನೆಂಟರು ಆಡಿಕೊಂಡರು. ಈಗ ಇರುವ ಮೂರು ಅಂಗಿಗೂ ತಾನೇ ತೇಪೆ ಹಾಕುತ್ತಾನೆ. ಸಂಜೆಯಾದರೆ ಮಗಳ ಜೊತೆ ಕೆರೆಯವರೆಗೆ ನಡಿಗೆ.

“ಮುಂಚೆ ಇವರ ಬೆನ್ನು ಮಾತ್ರ ಕಾಣ್ತಿತ್ತು ಭಾವ, ಈಗ ದಿನವಿಡೀ ಮುಖ,” ಎನ್ನುತ್ತಾಳೆ ಹೆಂಡತಿ. “ಯಾವುದು ವಾಸಿ ಅಂತ ಮಾತ್ರ ಕೇಳ್ಬೇಡಿ.”

ಇಂಥ ಗೋಡೆಯಲ್ಲಿ ಕಳೆದ ವಾರ ಏಳನೆಯ ಮೊಳೆ ಕಾಣಿಸಿಕೊಂಡಿದೆ. ಹೊಡೆದವರು ಯಾರೋ ಗೊತ್ತಿಲ್ಲ, ಬಿರುಗಾಳಿಯೇ ಹೊಡೆದಿರಬೇಕು. ಪರದೆ ಹಿಡಿದು ಬಂದ ಹೆಂಗಸು, “ಅಲ್ಲೊಂದು ಖಾಲಿ ಇದೆಯಲ್ಲ” ಎಂದಳು. ದರ್ಜಿ ಇಲ್ಲವೆನ್ನಲಾಗದೆ ತೆಗೆದುಕೊಂಡ. ಅಂದು ಮಗಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕಾದಳು; ಕೆರೆಗೆ ಹೋಗಲಾಗಲಿಲ್ಲ. ಏಳಾದದ್ದು ಎಂಟಾಗಲು, ಎಂಟು ನಾನೂರಾಗಲು ಎಷ್ಟು ಹೊತ್ತು?

ಇಷ್ಟು ಬರೆದು ಓದಲು ಕೊಟ್ಟರೆ, ದರ್ಜಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಎತ್ತಿಕೊಳ್ಳುತ್ತಾನೆ.

“ಇಲ್ಲಿ ಸಡಿಲ ಜಾಸ್ತಿ. ಹನ್ನೆರಡು ಮಷಿನ್ ಎಲ್ಲಿತ್ತು? ಮೂರು. ನಾನೂರನ್ನ ಹಿಡಿದು ಹೊಲಿದ್ರೆ ಹದಿನೈದು ಆಗುತ್ತೆ. ಮತ್ತೆ ಆ ಮೊಳೆ ಗಾಳಿ ಹೊಡೀತಾ? ಸೊಟ್ಟಗಿದೆ ನೋಡು. ಚಿಕ್ಕಂದಿನಿಂದ ನೀನು ಹೊಡೆದ ಒಂದು ಮೊಳೆನಾದ್ರೂ ನೆಟ್ಟಗೆ ನಿಂತಿದ್ಯಾ, ಅಣ್ಣ?”

ಬೈಯುತ್ತಾನೇನೋ ಎಂದುಕೊಂಡರೆ, ಅಣ್ಣನ ಹೆಗಲಿನ ಚೀಲವನ್ನು ಎರಡೂ ಫೋನಿನ ಸಮೇತ ತೆಗೆದು ಅದೇ ಮೊಳೆಗೆ ನೇತುಹಾಕುತ್ತಾನೆ. “ಇದರ ಮೇಲೆ ಇನ್ಯಾರ ಬಟ್ಟೇನೂ ಬೇಡ. ವಾರಕ್ಕೊಂದು ಬೆಳಗ್ಗೆ ಬಂದು ಸುಮ್ನೆ ಕೂತ್ಕೋ. ನಂಗೆ ಅಷ್ಟೇ ಸಾಕು.”

ಇನ್ನು ಮುಚ್ಚಿಟ್ಟು ಫಲವಿಲ್ಲ. ಆ ಅಣ್ಣ ನಾನೇ. ಅವರು ಕೆರೆಗೆ ಹೋಗಿದ್ದಾಗ ಇಸ್ತ್ರಿಪೆಟ್ಟಿಗೆಯಿಂದ ಕುಟ್ಟಿ ಆ ಮೊಳೆ ಹೊಡೆದವನೂ ನಾನೇ. ಒಂದು ಮೊಳೆ ಹೆಚ್ಚಾದರೆ ಅವನೂ ನನ್ನಂತಾಗುತ್ತಾನೆ ಎಂಬ ಆಸೆ. ದಾರ ಸೂಜಿಗಣ್ಣು ತಪ್ಪಿದ ಆ ದಿನ ಸೂರ್ಯನೂ ಸರಿಯಾದ ಹೊತ್ತಿಗೇ ಹುಟ್ಟಿದ್ದ. ಇಪ್ಪತ್ತು ನಿಮಿಷ ತಡವಾಗಿ ಬಂದವನು ನಾನು.