ಎರಡು ಕೈಯ ಪಟ್ಟಿ

ದುಬೈಯ ಕರಾಮದಲ್ಲಿ ನಮ್ಮ ಫ್ಲ್ಯಾಟಿನ ಕಿಟಕಿಗೆ ಇಳಕಲ್ ಸೀರೆಯೊಂದು ಪರದೆಯಾಗಿ ನೇತಾಡುತ್ತಿತ್ತು. ಅಪ್ಪ ನೇಯ್ದ ಕೊನೆಯ ಸೀರೆ ಅದು. ಅವನು ತೀರಿಕೊಂಡಾಗ ನಾನು ತುಂಬಿದ ಬಸುರಿ, ವಿಮಾನ ಹತ್ತುವಂತಿರಲಿಲ್ಲ, ಮಣ್ಣಿಗೂ ಹೋಗಲಾಗಲಿಲ್ಲ. ವರ್ಷ ಕಳೆದ ಮೇಲೆ ದುಬೈಗೆ ಬರುವವರ ಕೈಯಲ್ಲಿ ಅವ್ವ ಆ ಸೀರೆ ಕಳಿಸಿದಳು. ಒಂದು ತುದಿಯಲ್ಲಿ ಮೂರು ಮೊಳದಷ್ಟು ನೇಯ್ಗೆ ಸಡಿಲವಾಗಿತ್ತು, ದಡಿ ಅಂಕುಡೊಂಕಾಗಿತ್ತು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ, ನಾನು ಮಾಡಿದ್ದೂ ಅದನ್ನೇ. ಸೀರೆ ಕೊಳ್ಳುವ ಸಾಹುಕಾರ ಬೇಡವೆಂದದ್ದನ್ನು ಮಗಳ ತಲೆಗೆ ಕಟ್ಟಿದ್ದಾಳೆ ಎಂದು ಸಿಟ್ಟು ಬಂತು. ಕೆಟ್ಟ ಭಾಗವನ್ನು ಕತ್ತರಿಸಿ ಕಸಕ್ಕೆ ಹಾಕಿ, ಉಳಿದದ್ದರ ಅಂಚು ಮಡಿಸಿ ಹೊಲಿದು ಕಿಟಕಿಗೆ ಕಟ್ಟಿದೆ.

ಅಪ್ಪನ ನಂತರ ಮಗ್ಗ ಅವ್ವನದಾಯಿತು. ಐದು ವರ್ಷ ನೇಯ್ದ ಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ, ವಿಜಿಟ್ ವೀಸಾದ ಮೇಲೆ ನಮ್ಮಲ್ಲಿಗೆ ಬಂದಳು. ಬಂದ ದಿನವೇ ಪರದೆಯ ಹತ್ತಿರ ಹೋಗಿ ಮೇಲಿಂದ ಕೆಳಗಿನವರೆಗೆ ಕೈಯಾಡಿಸಿದಳು. ಬಿಸಿಲಿಗೆ ಬಣ್ಣ ಹೋಗುತ್ತದೆ ಎಂದಳು, ಅಷ್ಟೇ. ಆಮೇಲೆ ಎರಡು ವಾರ ಏಸಿಯ ಗಾಳಿಗೆ ಶಾಲು ಹೊದ್ದು ಮೂಲೆಯಲ್ಲಿ ಕೂತಳು. ಕೆಲಸವಿಲ್ಲದೆ ಅವಳ ಮುಖ ಸೊರಗಿತ್ತು.

ನಾನಾಗ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದೆ. ಮಗಳ ಶಾಲೆಯ ಇತಿಹಾಸದ ಟೀಚರ್, ಇಂಗ್ಲೆಂಡಿನವರು, ನನ್ನ ಗಿರಾಕಿ. ಚಳಿಗಾಲದ ಶುಕ್ರವಾರಗಳಲ್ಲಿ ಅವರ ಗುಂಪು ಎರಡು ಸಾವಿರ ವರ್ಷ ಹಿಂದಿನ ರೋಮನ್ನರಂತೆ, ಅವರೊಡನೆ ಕಾದಾಡಿದ ಕೆಲ್ಟರಂತೆ ಉಡುಪು ತೊಟ್ಟು ಮರಳುಗಾಡಿಗೆ ಹೋಗುತ್ತಿತ್ತು. ದುಬೈಯಲ್ಲಿ ನಾವೆಲ್ಲ ಹೊಟ್ಟೆಪಾಡಿಗೆ ವೇಷ ಹಾಕಿದವರು, ಇವರು ಸುಮ್ಮನೆ ಹಾಕುತ್ತಾರಲ್ಲ ಎಂದು ನನಗೆ ಒಳಗೊಳಗೇ ನಗು. ನಾನು ಹೊಲಿದ ಕೆಲ್ಟ್ ಅಂಗಿಯ ಕೊರಳಿಗೂ ತೋಳಿಗೂ ಕೈಯಲ್ಲಿ ನೇಯ್ದ ಪಟ್ಟಿ ಬೇಕಿತ್ತು. ಹಳೆಯ ಗೋರಿಯೊಂದರಲ್ಲಿ ಸಿಕ್ಕ ಪಟ್ಟಿಯ ದೊಡ್ಡ ಫೋಟೊ, ಉಣ್ಣೆಯ ದಾರ, ನಾಲ್ಕೂ ಮೂಲೆಗೆ ತೂತಿದ್ದ ಚೌಕದ ರಟ್ಟುಗಳನ್ನು ಟೀಚರ್ ತಂದುಕೊಟ್ಟರು. ತೂತುಗಳಲ್ಲಿ ದಾರ ಪೋಣಿಸಿ ರಟ್ಟು ತಿರುಗಿಸಿದರೆ ಎಳೆಗಳು ಮೇಲೆ ಕೆಳಗೆ ಆಗುತ್ತವೆ, ನಡುವೆ ಅಡ್ಡದಾರ ಹಾಯಿಸಬೇಕು. ಮಗ್ಗವೇ ಬೇಡ.

ಅವ್ವ ಒಮ್ಮೆ ನೋಡಿದಳು. ದಾರಗಳ ಒಂದು ತುದಿಯನ್ನು ಬಾತ್‌ರೂಮ್ ಬಾಗಿಲಿನ ಹಿಡಿಕೆಗೆ, ಇನ್ನೊಂದನ್ನು ತನ್ನ ಸೊಂಟಕ್ಕೆ ಕಟ್ಟಿ ಕೂತೇಬಿಟ್ಟಳು. ನಾಲ್ಕು ದಿನ ನಮಗೆ ಬಾತ್‌ರೂಮಿಗೆ ಹೋಗಲೂ ಅವಳ ಅಪ್ಪಣೆ ಬೇಕಾಯಿತು. ಒಂದೆಳೆ ತಪ್ಪಿದರೂ ಗೇಣುದ್ದ ಬಿಚ್ಚಿ ಮತ್ತೆ ನೇಯುತ್ತಿದ್ದಳು.

ಫೋಟೊದ ಪಟ್ಟಿಯಲ್ಲಿ ಅರ್ಧ ದಾಟಿದ ಮೇಲೆ ವಿನ್ಯಾಸ ದಾರಿ ತಪ್ಪಿತ್ತು. ಅವ್ವ ಅದನ್ನು ತಿದ್ದಿ ನೇಯ್ದಿದ್ದಳು. ನೋಡಲು ಬಂದ ಟೀಚರ್ ಬಹಳ ಹೊತ್ತು ಮೆಚ್ಚಿಕೊಂಡು, ಮೂಲದಲ್ಲಿ ಇದ್ದಂತೆಯೇ ಬೇಕು, ತಪ್ಪೂ ಸೇರಿ, ಎಂದು ಮೆಲ್ಲಗೆ ಹೇಳಿದರು. ಅದನ್ನು ಅವ್ವನಿಗೆ ಹೇಗೆ ಹೇಳಲಿ ಎಂದು ನನಗೆ ಸಂಕಟವಾಯಿತು. ಹೇಳಿದೆ. ಅವಳು ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದಳು.

“ಇದು ತಪ್ಪಲ್ಲ ತಂಗಿ. ಇಲ್ಲಿಂದ ಬ್ಯಾರೆ ಕೈ ಐತಿ.”

ಶುರುಮಾಡಿದವರು ನಡುವೆ ಎದ್ದುಹೋಗಿದ್ದಾರೆ, ನೇಯಲು ಬಾರದವರು ಯಾರೋ ಕೂತು ಮುಗಿಸಿದ್ದಾರೆ, ಅಂಜಿಕೊಂಡು ನೇಯ್ದದ್ದು ಎಳೆಯಲ್ಲೇ ಕಾಣುತ್ತದೆ ಎಂದಳು. ಆಮೇಲೆ ಫೋಟೊದಿಂದ ಕಣ್ಣು ತೆಗೆಯದೆ ಹೇಳಿದಳು:

“ನಿಮ್ಮಪ್ಪ ಹೋದಾಗ ಮಗ್ಗದ ಮ್ಯಾಲೆ ಮೂರು ಮೊಳ ಉಳದಿತ್ತು. ಅಲ್ಲೀತನಕ ನಾ ಮಗ್ಗಕ್ಕ ಕುಂತಾಕಿ ಅಲ್ಲ. ಅರ್ಧಾ ಹೆಂಗ ಬಿಡೂದು? ಅಳಕೋತ ಮುಗಿಸಿದೆ. ನಿನಗಂತ ಕಳಿಸಿದೆ. ಫೋನಿನ್ಯಾಗ ಹೇಳಾಕ ಆಗಲಿಲ್ಲ.”

ಅವಳ ಬೆನ್ನ ಹಿಂದೆಯೇ ಆ ಪರದೆ ಇತ್ತು. ಮಗ್ಗದ ಮನೆಯಲ್ಲಿ ಹುಟ್ಟಿದವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

“ಅವ್ವಾ, ಅದನ್ನ ನಾ ಕತ್ತರಿಸಿ ಒಗದೇನಿ,” ಎಂದೆ.

“ಬಂದ ದಿನಾನ ನೋಡೀನಿ. ನಿಮ್ಮಪ್ಪಂದು ಉಳದೈತಲ್ಲ.”

ನಾನು ಬಿಕ್ಕಿ ಅತ್ತೆ. ಮಾತು ತಿಳಿಯದ ಟೀಚರ್ ತಲೆ ತಗ್ಗಿಸಿ ಕೂತಿದ್ದರು. ಅವ್ವ ತಾನು ತಿದ್ದಿದ್ದನ್ನೆಲ್ಲ ಬಿಚ್ಚುತ್ತಾ ಬಂದು, ಕೈ ಬದಲಾದ ಜಾಗಕ್ಕೆ ನಿಲ್ಲಿಸಿದಳು. ಸೊಂಟದ ಗಂಟು ಬಿಚ್ಚಿ ನನ್ನ ಸೊಂಟಕ್ಕೆ ಕಟ್ಟಿದಳು. ನನಗೆ ಬರುವುದಿಲ್ಲ ಎಂದೆ.

“ಬರದವರ ಕೈನ ಬೇಕು ಇದಕ್ಕ,” ಎಂದಳು.

ನೇಯ್ದೆ. ಅಂಚು ಅಂಕುಡೊಂಕಾಯಿತು, ವಿನ್ಯಾಸ ದಾರಿ ತಪ್ಪಿತು. ಅವ್ವ ಪಕ್ಕದಲ್ಲಿ ಕೂತು ಪ್ರತಿ ಎಳೆಯನ್ನೂ ನೋಡುತ್ತಿದ್ದಳು. ಬಿಚ್ಚು ಎನ್ನಲಿಲ್ಲ.