ಮುಚ್ಚಿದ ಮಿಲ್ಲಿನ ಬೆಂಕಿ ಕವಾಯತು

ಅಹಮದಾಬಾದಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಹೋದಲ್ಲೆಲ್ಲ ನಾನು ಬಾಟ್ಲಾವಾಲಾ. ಗೋಡೆಗೆ ತೂಗುಹಾಕಿದ, ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೆ ಅಲ್ಲಿಯವರು ಬಾಟ್ಲಾ ಅನ್ನುತ್ತಿದ್ದರು. ಅದನ್ನು ಇಳಿಸಿ, ಸರ್ವೀಸ್ ಮಾಡಿ, ಮತ್ತೆ ಮೊಳೆಗೆ ಸಿಕ್ಕಿಸಿ ಹೋಗುವವನು ನಾನು. ತಲೆ ಬಿಚ್ಚಿ ಒಳಗಿನ ಪುಡಿ ಗಡ್ಡೆ ಕಟ್ಟಿದೆಯೇ ನೋಡಬೇಕು, ಗ್ಯಾಸಿನ ಸಣ್ಣ ಕಾರ್ಟ್ರಿಜ್ ತೂಗಬೇಕು, ಒಣಗಿದ ವಾಷರ್ ಬದಲಿಸಬೇಕು, ಹೋಸಿನಲ್ಲಿ ಹಲ್ಲಿಯೋ ಜೇಡವೋ ಮನೆ ಮಾಡಿದ್ದರೆ ಊದಿ ತೆಗೆಯಬೇಕು, ಕೊನೆಗೆ ಕೊರಳಿಗೆ ತಾರೀಖಿನ ಚೀಟಿ ಕಟ್ಟಬೇಕು. ಎಲ್ಲೆಡೆ ಒಂದೇ ಪ್ರಶ್ನೆ ಕೇಳುತ್ತಿದ್ದರು: ಬಾಟ್ಲಾ ಸರಿ ಇದೆಯಾ? ಸರಿ ಇದೆ ಅಂದರೆ ಸಹಿ ಹಾಕಿ ತಮ್ಮ ಕೆಲಸಕ್ಕೆ ತಿರುಗುತ್ತಿದ್ದರು.

ಗದಗಿನ ಕಡೆಯವನಾದ ನಾನು ತೊಂಬತ್ತರ ದಶಕದ ಮೊದಲಲ್ಲಿ, ಡಿಪ್ಲೊಮಾ ಮುಗಿಸಿ, ರೈಲ್ವೆಯಲ್ಲಿದ್ದ ಸೋದರಮಾವನನ್ನು ನಂಬಿ ಅಲ್ಲಿಗೆ ಹೋದೆ. ಅವನೇ ಈ ಕೆಲಸ ಹುಡುಕಿಕೊಟ್ಟ. ವರ್ಷ ತುಂಬುವ ಮೊದಲೇ ಅವನಿಗೆ ವರ್ಗವಾಯಿತು. ಮಾವ, ಅತ್ತೆ, ಮಕ್ಕಳು ಸಾಮಾನು ಕಟ್ಟಿಕೊಂಡು ಹೋದರು. ನಾನು ಮಣಿನಗರದಲ್ಲಿ, ಸ್ಟೇಷನ್ನಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ, ಒಂದು ಕೋಣೆ ಹಿಡಿದು ಉಳಿದೆ.

ಕೆಲಸಕ್ಕೆಂದು ಊರೂರು ತಿರುಗುತ್ತಿದ್ದೆ. ವಡೋದರದ ಕಾರ್ಖಾನೆಗಳು, ಸೂರತ್ತಿನ ಪಾಂಡೇಸರಾದ ಬಣ್ಣದ ಮಿಲ್ಲುಗಳು. ವಡೋದರ ಸ್ಟೇಷನ್ನಿನ ಹತ್ತಿರ ಉಡುಪಿಯ ಕಡೆಯವರ ಒಂದು ಹೋಟೆಲಿತ್ತು. ಗಲ್ಲಾದಲ್ಲಿ ಕೂರುತ್ತಿದ್ದವರು ನನ್ನನ್ನು ಕಂಡರೆ ಎಂಥ ಬೇಕು ಮಾರಾಯ್ರೆ ಅನ್ನುತ್ತಿದ್ದರು. ಆ ಮಾತು ಕೇಳಲಿಕ್ಕಾಗಿಯೇ ನಾನು ಬೇಕಿಲ್ಲದಿದ್ದರೂ ಇನ್ನೊಂದು ಕಾಫಿಗೆ ಎದ್ದು ಹೋಗುತ್ತಿದ್ದೆ. ಆದರೆ ಗಿರಾಕಿಗಳ ಗದ್ದಲದಲ್ಲಿ ಅವರಿಗೆ ಅದಕ್ಕಿಂತ ಹೆಚ್ಚು ಮಾತಾಡಲು ಪುರಸೊತ್ತಿರಲಿಲ್ಲ. ಭಾನುವಾರ ಬಟ್ಟೆ ಒಗೆದು ಒಣಹಾಕಿದ ಮೇಲೆ ನನಗೆ ಮಾಡಲು ಏನೂ ಉಳಿಯುತ್ತಿರಲಿಲ್ಲ. ಎಷ್ಟೋ ಭಾನುವಾರ ನನ್ನ ಬಾಯಿಂದ ಒಂದು ಮಾತೂ ಹೊರಡದೆ ಸಂಜೆಯಾಗುತ್ತಿತ್ತು.

ಒಮ್ಮೆ ನಮ್ಮ ಮಾಲೀಕರು ನನ್ನನ್ನು ಊರಿನ ಪೂರ್ವದಲ್ಲಿದ್ದ ಒಂದು ಬಟ್ಟೆಮಿಲ್ಲಿಗೆ ಕಳಿಸಿದರು. ಮಿಲ್ಲು ಮುಚ್ಚಿ ಕೆಲವು ವರ್ಷಗಳಾಗಿದ್ದವು. ಕೇಸು ಕೋರ್ಟಿನಲ್ಲಿತ್ತು. ತೀರ್ಪು ಬರುವ ತನಕ ಆಸ್ತಿಗೆ ವಿಮೆ ಇರಬೇಕು, ವಿಮೆ ಇರಬೇಕಾದರೆ ಬಾಟ್ಲಾಗಳು ಸುಸ್ಥಿತಿಯಲ್ಲಿರಬೇಕು. ಹೀಗಾಗಿ ಜನರಿಲ್ಲದ ಆ ಮಿಲ್ಲಿಗೂ ನಮ್ಮ ಸರ್ವೀಸ್ ನಡೆಯುತ್ತಿತ್ತು.

ಗೇಟಿನ ಪಕ್ಕದ ಕೋಣೆಯಿಂದ ಬಿಳಿ ಮೀಸೆಯ ಒಬ್ಬರು ಎದ್ದು ಬಂದರು. ಮೊದಲು ಅದೇ ಮಿಲ್ಲಿನ ನೇಯ್ಗೆ ವಿಭಾಗದಲ್ಲಿ ಕೆಲಸಗಾರರ ಮೇಲೆ ಮುಕಾದಮರಾಗಿದ್ದವರು, ಈಗ ಅದರ ಕಾವಲುಗಾರ. ನಾನು ಅವರನ್ನು ಕಾಕಾ ಎಂದೆ. ನಮ್ಮ ಕಡೆಯೂ ಚಿಕ್ಕಪ್ಪನಿಗೆ ಕಾಕಾ ಅನ್ನುವುದರಿಂದ, ಆ ಊರಿನ ಮಾತುಗಳಲ್ಲಿ ಅದೊಂದು ನನ್ನ ನಾಲಿಗೆಗೆ ಸಲೀಸಾಗಿ ಬಂತು.

ಅವರು ಬೀಗದಕೈಗಳ ಗೊಂಚಲು ಹಿಡಿದು ನನ್ನನ್ನು ಒಂದೊಂದೇ ಶೆಡ್ಡಿಗೆ ಕರೆದೊಯ್ದರು. ಮಗ್ಗಗಳ ಮೇಲೆ ಪಾರಿವಾಳದ ಹಿಕ್ಕೆ, ಒಡೆದ ಗಾಜಿನಿಂದ ಬೀಳುವ ಬಿಸಿಲು. ಒಂದೊಂದು ಬಾಟ್ಲಾದ ಹತ್ತಿರ ಹೋದಾಗಲೂ ಅಲ್ಲಿ ಕೆಲಸ ಮಾಡುತ್ತಿದ್ದವರ ನೆನಪು ಹೇಳುತ್ತಿದ್ದರು. ಇದು ಭಜನೆ ಹಾಡುತ್ತ ನೇಯುತ್ತಿದ್ದವನ ಮಗ್ಗದ ಬಳಿಯದು. ಆ ಕಂಬದ್ದಕ್ಕೆ ನೂಲು ಸುತ್ತುವ ಹೆಂಗಸರು ಊಟದ ಡಬ್ಬಿ ತೂಗುಹಾಕುತ್ತಿದ್ದರು, ಎಷ್ಟು ಬೈದರೂ ಕೇಳುತ್ತಿರಲಿಲ್ಲ. ನಾನು ನೆಲದಲ್ಲಿ ಕೂತು ವಾಷರ್ ಬದಲಿಸುತ್ತ ಕೇಳುತ್ತಿದ್ದೆ. ಕೋಣೆಗೆ ಬೇಗ ಮರಳುವ ಅವಸರ ನನಗೂ ಇರಲಿಲ್ಲ.

ಕೆಲಸ ಮುಗಿದು ಚೀಲ ಕಟ್ಟುವಾಗ ಕಾಕಾ, ಕವಾಯತು ಮಾಡದೆ ಹೋಗಬಾರದು ಎಂದರು. ಮಿಲ್ಲು ನಡೆಯುತ್ತಿದ್ದಾಗ ಸರ್ವೀಸಿನವರು ಬಂದ ದಿನ ಭೋಂಗಾ ಎಂಬ ಸೈರನ್ ಊದಿಸಿ, ಎಲ್ಲರನ್ನೂ ಅಂಗಳಕ್ಕೆ ಕರೆದು, ಹಳೇ ಪುಡಿಯ ಒಂದು ಬಾಟ್ಲಾದಿಂದ ಬೆಂಕಿ ಆರಿಸಿ ತೋರಿಸುವ ಪದ್ಧತಿಯಿತ್ತಂತೆ. ಆಗ ಕಾಕಾ ಮಿಲ್ಲಿನ ಬೆಂಕಿ ದಳದಲ್ಲೂ ಇದ್ದರಂತೆ. ಈಗಲೂ ಅವರೇ ತಗಡಿನ ತಟ್ಟೆಯಲ್ಲಿ ಹತ್ತಿಯ ಚೂರು ಒಟ್ಟಿ, ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದರು. ನಾನು ಬಾಟ್ಲಾ ಕೊಟ್ಟು, ಜ್ವಾಲೆಯ ತುದಿಗಲ್ಲ, ಬುಡಕ್ಕೆ ಹಿಡಿಯಿರಿ ಎಂದೆ. ಬಿಳಿ ಪುಡಿ ಬುಸ್ಸೆಂದು ಹಾರಿ ಬೆಂಕಿ ಅಡಗಿತು. ಪುಡಿ ಅವರ ಮೀಸೆಗೂ ಹತ್ತಿತು.

ಅಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಕಾಕಾ ಬರಿದಾದ ಅಂಗಳಕ್ಕೆ ಮುಖ ಮಾಡಿ ನೆಟ್ಟಗೆ ನಿಂತು ವಿಭಾಗಗಳ ಹೆಸರು ಕರೆದರು. ನೇಯ್ಗೆ. ನೂಲು ಸುತ್ತುವವರು. ಬಟ್ಟೆ ಮಡಿಸುವವರು. ಪ್ರತಿ ಹೆಸರಿನ ನಂತರ ಸ್ವಲ್ಪ ತಡೆದು, ಎಲ್ಲರೂ ಹೊರಗೆ ಬಂದರು ಎಂದು ತಾವೇ ಹೇಳುತ್ತಿದ್ದರು. ನಗು ಬರಬಹುದಾಗಿದ್ದ ದೃಶ್ಯ. ನನಗೆ ನಗು ಬರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, "ಬಾಟ್ಲಾವಾಲಾ ಭಾಯಿ, ನಿನ್ನ ಹೆಸರೇನು?" ಎಂದು ಕೇಳಿದರು. ಹೇಳಿದೆ. ಅದನ್ನೂ ಗಟ್ಟಿಯಾಗಿ ಕರೆದರು. "ಬಂದಿದ್ದೇನೆ" ಎಂದೆ.

ಪುಡಿಯ ಬಾಟ್ಲಾಗಳನ್ನು ಆಗಾಗ ತಲೆಕೆಳಗು ಮಾಡಿ ಅಲ್ಲಾಡಿಸದಿದ್ದರೆ ಪುಡಿ ಗಡ್ಡೆ ಕಟ್ಟುತ್ತದೆ. ಅದನ್ನು ಕಾಕಾ ಒಬ್ಬರೇ ಮಾಡಬಹುದಿತ್ತು. ಆದರೂ ಅವರು, ಬೆನ್ನು ನೋಯುತ್ತದೆ, ಭಾನುವಾರ ಬಂದುಬಿಡು ಎಂದರು. ನಾನೂ ಅದು ನನ್ನ ಕೆಲಸವೇ ಎಂಬಂತೆ ಹೋಗತೊಡಗಿದೆ. ಅಲ್ಲಾಡಿಸುವ ಕೆಲಸ ಬೇಗ ಮುಗಿಯುತ್ತಿತ್ತು. ಆಮೇಲೆ ಚಹಾ. ಒಳಗೆ ಒಲೆ ಹಚ್ಚುವುದಕ್ಕೆ ಮಿಲ್ಲಿನ ನಿಯಮ ಬಿಡುವುದಿಲ್ಲವೆಂದು ಅವರು ಗೇಟಿನ ಹೊರಗೆ, ಬೇವಿನ ಮರದ ಕೆಳಗೆ ಸ್ಟವ್ ಇಟ್ಟುಕೊಂಡಿದ್ದರು. ಆ ದಿನಗಳಲ್ಲೊಮ್ಮೆ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿದಾಗ ಅವ್ವ, "ಅಲ್ಲಿ ನಿನ್ನ ಮಾತಾಡ್ಸೋರು ಯಾರರ ಅದಾರೇನೋ?" ಎಂದಳು. "ಒಬ್ಬಾವ ಮುದುಕ ಅದಾನಬೇ" ಎಂದೆ. ಮುದುಕನೊಬ್ಬನೇ ಏನು ಎಂದು ಅವಳು ಕೇಳುವಷ್ಟರಲ್ಲಿ ಲೈನು ಕಡಿಯಿತು.

ಕಾಕಾನ ಹೆಂಡತಿ ತೀರಿಕೊಂಡಿದ್ದರು. ಒಬ್ಬನೇ ಮಗ ಸೂರತ್ತಿನಲ್ಲಿ ವಜ್ರ ಉಜ್ಜುವ ಕೆಲಸದಲ್ಲಿದ್ದ. ಮಿಲ್ಲು ಮುಚ್ಚಿದಾಗ ಅವನು ಅಪ್ಪನನ್ನೂ ಕರೆದಿದ್ದ. ಮಿಲ್ಲು ಮತ್ತೆ ತೆರೆಯುತ್ತದೆ, ನಾನು ಬರುವುದಿಲ್ಲ ಎಂದು ಇವರು ಹಟ ಹಿಡಿದರು. ಮಾತಿಗೆ ಮಾತು ಬೆಳೆದು ಸಂಬಂಧವೇ ಕಡಿದುಹೋಗಿತ್ತು. ಇದನ್ನು ಅವರು ಒಂದೇ ದಿನ ಹೇಳಿದ್ದಲ್ಲ, ಹಲವು ಭಾನುವಾರಗಳಲ್ಲಿ ತುಣುಕು ತುಣುಕಾಗಿ ಬಂದದ್ದು.

ಮುಂದೊಮ್ಮೆ ನಾನು ಸೂರತ್ತಿಗೆ ಹೊರಟಿದ್ದೇನೆಂದು ಗೊತ್ತಾದಾಗ ಕಾಕಾ ಚಹಾದ ಲೋಟ ತಿರುಗಿಸುತ್ತ ಕೂತರು. ಮಗ ಹೇಗಿದ್ದಾನೆ ನೋಡಿ ಬಾ ಎನ್ನಲಿಲ್ಲ. "ವರಾಛಾದ ಆ ಕಾರ್ಖಾನೆಗಳಲ್ಲಿ ಜನ ಒಬ್ಬರ ಮೇಲೊಬ್ಬರು ಕೂತಿರುತ್ತಾರಂತೆ. ಅವನಿರುವಲ್ಲಿ ಬಾಟ್ಲಾ ಇದೆಯಾ, ಅಷ್ಟು ನೋಡು" ಎಂದರು.

ಪಾಂಡೇಸರಾದ ಕೆಲಸ ಮುಗಿಸಿ, ಕಾಕಾ ಹೇಳಿದ ಗುರುತು ಹಿಡಿದು ವರಾಛಾಕ್ಕೆ ಹೋದೆ. ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಒಂದು ಉದ್ದನೆಯ ಕೋಣೆ. ತಿರುಗುವ ಚಕ್ರಗಳ ಸುತ್ತ ಜನ ತಲೆ ಬಗ್ಗಿಸಿ ಕೂತಿದ್ದರು. ಮೂಲೆಯಲ್ಲಿ ಒಂದು ಬಾಟ್ಲಾ ಇತ್ತು, ಯಾರದೋ ಅಂಗಿ ಅದರ ಮೇಲೆ ತೂಗುತ್ತಿತ್ತು. ತಲೆ ಬಿಚ್ಚಿ ನೋಡಿದರೆ ಪುಡಿ ಕಲ್ಲಾಗಿತ್ತು.

ಮಗನ ವಯಸ್ಸು ಮೂವತ್ತು ದಾಟಿರಬೇಕು. ಯಾರು ಕಳಿಸಿದರು ಎಂದು ಕೇಳಿದ. ಹೇಳಿದೆ. ಅವನು ಕೈಯಲ್ಲಿದ್ದುದನ್ನು ಕೆಳಗಿಟ್ಟು ನನ್ನನ್ನು ಮೆಟ್ಟಿಲ ಬಳಿ ಕರೆದುಕೊಂಡು ಬಂದ. "ಈಗಲೂ ಹಾಜರಿ ಕರೆಯುತ್ತಾರಾ?" ಎಂದ. ಚಿಕ್ಕವನಿದ್ದಾಗ ಕವಾಯತು ನೋಡಲು ಗೇಟಿನ ಹೊರಗೆ ನಿಲ್ಲುತ್ತಿದ್ದನಂತೆ. ಕರೆಯುತ್ತಾರೆ, ಅಲ್ಲಿ ಈಗ ನಾನೊಬ್ಬನೇ ಇರುವುದು ಎಂದೆ. ಅವನು ಮುಖ ಒರೆಸಿಕೊಂಡು, ಈ ಬಾಟ್ಲಾಕ್ಕೆ ಏನು ಮಾಡಬೇಕು ಹೇಳಿ ಎಂದ. ತನ್ನ ಮಾಲೀಕರನ್ನು ಒಪ್ಪಿಸಿದ. ಮರುದಿನ ನಾನು ಹೊಸ ಪುಡಿ ತುಂಬಿ, ಬಾಗಿಲ ಬಳಿ ಕೈಗೆ ಸಿಗುವಂತೆ ತೂಗುಹಾಕಿ, ಅಲ್ಲಿದ್ದವರಿಗೆಲ್ಲ ಹಿಡಿಯುವುದು ಹೇಗೆಂದು ತೋರಿಸಿ ಬಂದೆ.

ಕಾಕಾನಿಗೆ ಹೇಳಿದಾಗ ಅವರು ಪುಡಿ ಯಾವುದು, ಎಲ್ಲಿ ತೂಗುಹಾಕಿದೆ ಎಂದಷ್ಟೇ ಕೇಳಿದರು. ಆಮೇಲೆ ಎದ್ದುಹೋಗಿ, ಆರಿಹೋಗಿರದ ಸ್ಟವ್ವಿಗೆ ಮತ್ತೆ ಮತ್ತೆ ಪಂಪು ಹೊಡೆದರು.

ಕೋರ್ಟಿನ ತೀರ್ಪು ಬಂದದ್ದು ಅದಾದ ಕೆಲವು ತಿಂಗಳಿಗೆ. ಮಿಲ್ಲು ಗುಜರಿಯವರ ಪಾಲಾಯಿತು. ಮಗ್ಗಗಳ ಜೊತೆ ಬಾಟ್ಲಾಗಳನ್ನೂ ಲಾರಿಗೆ ಎಸೆದರು. ಕಾಕಾ ತಡೆಯಲಿಲ್ಲ, ಗೇಟಿನಲ್ಲಿ ನಿಂತು ನೋಡುತ್ತಿದ್ದರು. ನಾನೇ ವರಾಛಾದ ಕಾರ್ಖಾನೆಗೆ ಫೋನ್ ಮಾಡಿದೆ. ಮಗ ಮರುದಿನವೇ ಬಂದ. ಅಪ್ಪ ಮಗ ಏನು ಮಾತಾಡಿಕೊಂಡರೋ ನಾನು ಕೇಳಲಿಲ್ಲ, ದೂರ ನಿಂತಿದ್ದೆ. ಮಗ ಟ್ರಂಕು ಎತ್ತಿಕೊಂಡ, ಕಾಕಾ ಬೀಗದಕೈಗಳ ಗೊಂಚಲು ಗುಜರಿಯವನ ಕೈಗಿಟ್ಟರು.

ಸ್ಟೇಷನ್ನಿಗೆ ನಾನೂ ಹೋದೆ. ರೈಲಿನ ಕಿಟಕಿಯಿಂದ ಕಾಕಾ, "ಇನ್ನು ಭಾನುವಾರ ಏನು ಮಾಡುತ್ತೀ, ಬೇಟಾ?" ಎಂದು ಕೇಳಿದರು. "ಬಟ್ಟೆ ಒಗೆಯುವುದಿದೆ" ಎಂದೆ.

ಆಮೇಲೆ ಸೂರತ್ತಿಗೆ ಹೋದಾಗ ಅವರ ಮನೆಯಲ್ಲಿ ಉಂಡೆ. ಸೊಸೆ ಬಿಸಿ ಸಜ್ಜೆ ರೋಟ್ಲಾ ಬಡಿಸಿದಳು. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಕಾಕಾ ನನ್ನ ಜೊತೆ ಮಾತಾಡುತ್ತ ಮಾತಾಡುತ್ತ ಅವಳ ಕಡೆ ತಿರುಗಿಬಿಡುತ್ತಿದ್ದರು. ಸಂತೋಷವಾಯಿತು. ಹಾಗೆಯೇ, ಇಲ್ಲಿ ನನಗೆ ಇನ್ನು ಕೆಲಸವಿಲ್ಲ ಎಂದೂ ಅನ್ನಿಸಿತು. ಇನ್ನೊಂದು ಸಲ ಹೋದೆ. ಅದರ ನಂತರ ಹೋದಾಗ ಕಾರ್ಖಾನೆ ಇದ್ದ ಕೋಣೆಯಲ್ಲಿ ಸೀರೆಗೆ ಜರಿ ಹಚ್ಚುತ್ತಿದ್ದರು. ವಜ್ರದವರು ಎಲ್ಲಿಗೆ ಹೋದರೆಂದು ಅಲ್ಲಿಯವರಿಗೆ ಗೊತ್ತಿರಲಿಲ್ಲ. ಮನೆಗೆ ಹೋದರೆ ಬೀಗ, ಪಕ್ಕದವರು ಬಿಟ್ಟುಹೋದರು ಎಂದರು.

ಮಧ್ಯಾಹ್ನದ ರೈಲು ಹಿಡಿದೆ. ಎದುರಿನ ಸೀಟಿನ ಕುಟುಂಬವೊಂದು ಬುತ್ತಿ ಬಿಚ್ಚಿತು. ಆ ತಾಯಿ ಮೆಂತ್ಯಸೊಪ್ಪಿನ ಒಂದು ಥೇಪ್ಲಾ ರೊಟ್ಟಿಗೆ ಉಪ್ಪಿನಕಾಯಿ ಸವರಿ ನನ್ನ ಕಡೆ ಚಾಚಿ, ಎಲ್ಲಿಯ ತನಕ ಎಂದು ಕೇಳಿದಳು. ಮಣಿನಗರ ಎಂದೆ. ಮನೆಯಲ್ಲಿ ಯಾರಿದ್ದಾರೆ ಎಂದು ಅವಳು ಮುಂದೆ ಕೇಳಲಿಲ್ಲ. ನಾನು ಕಿಟಕಿಯ ಕಡೆ ತಿರುಗಿ ನಿಧಾನವಾಗಿ ತಿಂದೆ.